ಒಂದೇ ಪದರದ ಹಾಡುಗಳು: ಡಾಫ್ಟ್ ಪಂಕ್‌ನ ‘ಹ್ಯೂಮನ್ ಆಫ್ಟರ್ ಆಲ್’ ಪ್ರಕರಣ

‘ಹ್ಯೂಮನ್ ಆಫ್ಟರ್ ಆಲ್’ ಆಲ್ಬಂನ ‘ರೋಬಾಟ್ ರಾಕ್’ ಹಾಡಿನ ಲೆಕ್ಕ ಸುಲಭ. ವೇಗ ನಿಮಿಷಕ್ಕೆ ಸುಮಾರು 112 ಬೀಟ್. ನಾಲ್ಕು ಬೀಟಿನ ಒಂದು ಬಾರ್ ಮುಗಿಯಲು 2.14 ಸೆಕೆಂಡು ಬೇಕು. ಹಾಡಿನ ಉದ್ದ 4 ನಿಮಿಷ 47 ಸೆಕೆಂಡು. ಭಾಗಿಸಿದರೆ ಹತ್ತಿರಹತ್ತಿರ 134 ಬಾರ್. ಇಷ್ಟೂ ಬಾರ್‌ಗಳಲ್ಲಿ ಬಹುಪಾಲು ಕೇಳಿಸುವುದು ಒಂದೇ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ). ಅದೂ ಸ್ವಂತದ್ದಲ್ಲ, ಫಿಲಡೆಲ್ಫಿಯಾದ ಫಂಕ್ ತಂಡ ಬ್ರೇಕ್‌ವಾಟರ್ 1980ರಲ್ಲಿ ಹೊರತಂದ ‘ರಿಲೀಸ್ ದ ಬೀಸ್ಟ್’ನಿಂದ ಕತ್ತರಿಸಿಕೊಂಡದ್ದು. ಅದರ ಮೇಲೆ ವೋಕೋಡರ್ ಎಂಬ ಸಾಧನದಲ್ಲಿ ಹಾಡಿನ ಹೆಸರನ್ನೇ ಹೇಳುವ ಯಂತ್ರದ ದನಿ. ಅಷ್ಟೇ.

2005ರಲ್ಲಿ ಇದನ್ನು ಕೇಳಿದ ವಿಮರ್ಶಕರು ಸೋಮಾರಿತನ ಎಂದರು. 2007ರಲ್ಲಿ ಪ್ಯಾರಿಸ್‌ನ ಬೆರ್ಸಿ ಕ್ರೀಡಾಂಗಣದಲ್ಲಿ ಇದೇ ರಿಫ್ ಶುರುವಾದಾಗ ಜನ ಕಿರುಚಿದ್ದು ಇವತ್ತಿಗೂ ಧ್ವನಿಮುದ್ರಣದಲ್ಲಿದೆ. ರಿಫ್ ಬದಲಾಗಿರಲಿಲ್ಲ. ಏನು ಬದಲಾಗಿತ್ತು ಎಂಬುದೇ ಈ ಪ್ರಕರಣ.

ಮೊದಲ ಎರಡು ಆಲ್ಬಂ

ಡಾಫ್ಟ್ ಪಂಕ್ ಎಂದರೆ ಪ್ಯಾರಿಸ್‌ನ ಇಬ್ಬರು: ತೋಮಾ ಬಾಂಗಾಲ್ಟೇರ್ ಮತ್ತು ಗೀ-ಮಾನ್ಯುಯೆಲ್ ದೆ ಒಮೆಮ್-ಕ್ರಿಸ್ಟೊ. ಎಲೆಕ್ಟ್ರಾನಿಕ್ ಸಂಗೀತಕ್ಕೆ ಬರುವ ಮೊದಲು ಇವರು ಗಿಟಾರ್ ಹಿಡಿದವರೇ. 1992ರಲ್ಲಿ ಲೋರಾನ್ ಬ್ರಾಂಕೋವಿಟ್ಸ್ ಜೊತೆ ಸೇರಿ ‘ಡಾರ್ಲಿನ್’ ಎಂಬ ರಾಕ್ ತಂಡ ಕಟ್ಟಿದ್ದರು. ಬ್ರಿಟನ್ನಿನ ‘ಮೆಲಡಿ ಮೇಕರ್’ ಪತ್ರಿಕೆ ಆ ಸಂಗೀತವನ್ನು ಪೆದ್ದು ಪಂಕ್ ಗದ್ದಲ ಎಂಬರ್ಥದಲ್ಲಿ ತಳ್ಳಿಹಾಕಿತು. ತಂಡ ಮುರಿಯಿತು, ಬ್ರಾಂಕೋವಿಟ್ಸ್ ‘ಫೀನಿಕ್ಸ್’ ತಂಡದ ದಾರಿ ಹಿಡಿದರು, ಉಳಿದ ಇಬ್ಬರು ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು. ಹೀಗಾಗಿ 2005ರ ಕೆಟ್ಟ ವಿಮರ್ಶೆಗಳು ಇವರಿಗೆ ಮೊದಲ ಅನುಭವವಾಗಿರಲಿಲ್ಲ. ಗಿಟಾರ್ ಕೈಗೆತ್ತಿಕೊಂಡಾಗಲೇ ಎರಡೂ ಸಲ ಬೈಸಿಕೊಂಡದ್ದು ಮಾತ್ರ ಒಂದು ತಮಾಷೆ.

1997ರ ‘ಹೋಂವರ್ಕ್’ ಹೆಸರಿಗೆ ತಕ್ಕಂತೆ ಮನೆಯಲ್ಲೇ ತಯಾರಾದದ್ದು. 2001ರ ‘ಡಿಸ್ಕವರಿ’ ಅದಕ್ಕಿಂತ ತೀರಾ ಬೇರೆ ಜಾತಿಯದು. ಹಳೆಯ ಡಿಸ್ಕೊ ಮತ್ತು ಫಂಕ್ ರೆಕಾರ್ಡ್‌ಗಳಿಂದ ಚೂರುಗಳನ್ನು ಕತ್ತರಿಸಿ, ಜೋಡಿಸಿ, ಫಿಲ್ಟರ್ ಹಾಯಿಸಿ, ರೊಮಾಂತನಿ, ಟಾಡ್ ಎಡ್ವರ್ಡ್ಸ್‌ರಂಥ ಗಾಯಕರನ್ನು ಕರೆತಂದು, ಸುಮಾರು ಎರಡು ವರ್ಷ ಕೂತು ಕುಸುರಿ ಮಾಡಿದ ಕೆಲಸ. ರೋಬಾಟ್ ಶಿರಸ್ತ್ರಾಣಗಳು ಬಂದದ್ದೂ ಆ ಹೊತ್ತಿಗೇ. ಬ್ರಿಟನ್ನಿನ ಪಟ್ಟಿಯಲ್ಲಿ ಅದು 2ನೇ ಸ್ಥಾನಕ್ಕೆ, ಅಮೆರಿಕದ ಬಿಲ್‌ಬೋರ್ಡ್ 200ರಲ್ಲಿ 23ಕ್ಕೆ ಏರಿತು. ಮುಂದಿನ ನಾಲ್ಕು ವರ್ಷ ಜನ ಕಾದದ್ದು ಅದರ ಮುಂದುವರಿಕೆಗೆ.

ಆರು ವಾರದ ಕೆಲಸ

2005ರ ಮಾರ್ಚ್ 14ರಂದು ವರ್ಜಿನ್ ಕಂಪನಿ ಬಿಡುಗಡೆ ಮಾಡಿದ ‘ಹ್ಯೂಮನ್ ಆಫ್ಟರ್ ಆಲ್’ ಬೇಕೆಂದೇ ಅದರ ತದ್ವಿರುದ್ಧ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಎಷ್ಟೆಂದರೂ ಮನುಷ್ಯರೇ’. ರೋಬಾಟ್ ಮುಖವಾಡ ತೊಟ್ಟವರು ಹೀಗೆನ್ನುವಾಗ ಬೆಚ್ಚಗಿನ, ಕೈಯಿಂದ ನುಡಿಸಿದ ಸಂಗೀತ ಬರಬಹುದು ಎಂದೇ ಯಾರಿಗಾದರೂ ಅನಿಸುತ್ತದೆ. ಬಂದದ್ದು ಹತ್ತು ತುಣುಕುಗಳ, ಒಟ್ಟು 45 ನಿಮಿಷ ಮೀರುವ, ಅಲ್ಲಿಯವರೆಗೆ ಇವರು ಮಾಡಿದ್ದರಲ್ಲೆಲ್ಲ ಅತಿ ಯಾಂತ್ರಿಕವಾದ ಆಲ್ಬಂ.

ತಯಾರಿಗೆ ಹಿಡಿದದ್ದು 2004ರ ಶರತ್ಕಾಲದ ಸುಮಾರು ಆರು ವಾರ: ನಾಲ್ಕು ವಾರ ರಚನೆ ಮತ್ತು ರೆಕಾರ್ಡಿಂಗ್, ಎರಡು ವಾರ ಮಿಕ್ಸಿಂಗ್. ಜಾಗ ಪ್ಯಾರಿಸ್‌ನ ಮನೆ ಸ್ಟುಡಿಯೊ. ಸಾಮಗ್ರಿ ಕೂಡ ಬೆರಳೆಣಿಕೆಯದು: ಗಿಟಾರ್‌ಗಳು, ಡ್ರಮ್ ಮಷೀನ್‌ಗಳು, ವೋಕೋಡರ್, ಎಂಟು ಟ್ರ್ಯಾಕಿನ (ಸದ್ದುಗಳನ್ನು ಬೇರೆಬೇರೆಯಾಗಿ ಇಡುವ ಎಂಟು ಸಾಲುಗಳ) ಒಂದು ರೆಕಾರ್ಡರ್. ಹೊರಗಿನ ಗಾಯಕರಿಲ್ಲ. ಸ್ಯಾಂಪಲ್‌ಗಳ (ಹಳೆಯ ರೆಕಾರ್ಡ್‌ಗಳಿಂದ ಕತ್ತರಿಸಿದ ಚೂರುಗಳ) ರಾಶಿಯಿಲ್ಲ.

ಎಂಟು ಟ್ರ್ಯಾಕ್ ಎಂದರೆ ಎಷ್ಟು ಇಕ್ಕಟ್ಟು ಎಂಬುದು ಇಂದು ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ತೆರೆದು ಕೂರುವವರಿಗೆ ತಟ್ಟನೆ ತಿಳಿಯಲಾರದು. ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಮಂದ್ರದ ಕಿಕ್ ಡ್ರಮ್ಮಿಗೆ ಒಂದು, ಚುರುಕು ಸದ್ದಿನ ಸ್ನೇರ್ ಡ್ರಮ್ ಮತ್ತು ಹ್ಯಾಟ್ ಎಂಬ ತಾಳಕ್ಕೆ ಒಂದೋ ಎರಡೋ, ಬೇಸ್‌ಗೆ ಒಂದು, ಗಿಟಾರನ್ನು ಎಡಬಲಕ್ಕೆ ಹರಡಿದರೆ ಎರಡು, ದನಿಗೆ ಒಂದು. ಉಳಿಯುವುದು ಒಂದೋ ಎರಡೋ. ಎಂಟೂ ತುಂಬಿದ ಮೇಲೆ ಇನ್ನೇನಾದರೂ ಸೇರಿಸಬೇಕೆಂದರೆ ಇದ್ದದ್ದನ್ನು ಒಟ್ಟುಗೂಡಿಸಿ ಒಂದೇ ಟ್ರ್ಯಾಕಿಗೆ ಇಳಿಸಬೇಕು. ಹಾಗೆ ಇಳಿಸಿದ ಮೇಲೆ ಅದರೊಳಗಿನ ಸ್ನೇರನ್ನು ಮಾತ್ರ ತಗ್ಗಿಸುತ್ತೇನೆ ಎಂದರೆ ಆಗದು. ಈ ಇಕ್ಕಟ್ಟು ಒಳ್ಳೆಯದೂ ಹೌದು. ಅನುಮಾನಿಸುತ್ತ ಕೂರಲು ಬಿಡುವುದಿಲ್ಲ. ಆದರೆ ಹಾಡಿನ ಎರಡನೇ ಅರ್ಧಕ್ಕೆ ಹೊಸದೇನಾದರೂ ತರಬೇಕು ಎನ್ನುವಾಗ ಜಾಗವೇ ಇರುವುದಿಲ್ಲ.

ದಿಢೀರ್ ಎಂದು ಹೊಮ್ಮುವ ಗುಣ ಬೇಕಿತ್ತು, ‘ಡಿಸ್ಕವರಿ’ಯಂತೆ ತಿದ್ದಿ ತೀಡುವುದು ಬೇಡವಾಗಿತ್ತು ಎಂಬರ್ಥದ ಮಾತುಗಳನ್ನು ಬಾಂಗಾಲ್ಟೇರ್ ಆಮೇಲೆ ಆಡಿದ್ದಾರೆ. ಕೇಳುಗರನ್ನು ಖುಷಿಪಡಿಸುವ ಉದ್ದೇಶದ ಆಲ್ಬಂ ಅದಾಗಿರಲಿಲ್ಲ, ಭಯ ಮತ್ತು ಸಂಶಯದ ಭಾವವೇ ಅದರ ತಿರುಳು ಎಂದೂ ಹೇಳಿದ್ದಾರೆ. ಬಿಡುಗಡೆಯ ಹೊತ್ತಿನಲ್ಲಿ ಮಾತ್ರ ಇದ್ಯಾವುದನ್ನೂ ಹೇಳಲಿಲ್ಲ. ಆಲ್ಬಂ ತಾನೇ ಮಾತಾಡುತ್ತದೆ ಎಂದು ಸಂದರ್ಶನಗಳಿಂದ ದೂರ ಉಳಿದರು. ಆರು ವಾರದಲ್ಲಿ ಮಾಡಿದ್ದು ಎಂಬ ಸುದ್ದಿಯೊಂದೇ ಹೊರಗೆ ಓಡಾಡಿತು. ವಿಮರ್ಶಕನ ಕೈಗೆ ಇದಕ್ಕಿಂತ ಹರಿತವಾದ ಕತ್ತಿ ಬೇಕಿಲ್ಲ.

ಕೇಳಿದಾಗ ಎಲ್ಲಿ ಎಡವುತ್ತದೆ

ಪುನರಾವರ್ತನೆಯೇ ದೋಷ ಎನ್ನುವವರು ಹೌಸ್ ಎಂಬ ನೃತ್ಯ ಸಂಗೀತವನ್ನು ಸರಿಯಾಗಿ ಕೇಳಿಲ್ಲ. ಇದೇ ಜೋಡಿಯ 1997ರ ‘ಅರೌಂಡ್ ದ ವರ್ಲ್ಡ್’ ಏಳು ನಿಮಿಷದುದ್ದಕ್ಕೂ ಹೆಸರಿನ ಮೂರೇ ಪದಗಳನ್ನು ಹೇಳುತ್ತದೆ. ಯಾರೂ ದೂರಲಿಲ್ಲ. ಏಕೆಂದರೆ ಅಲ್ಲಿ ಪದ ಬದಲಾಗದಿದ್ದರೂ ಅದರ ಕೆಳಗಿನ ನೆಲ ಬದಲಾಗುತ್ತಲೇ ಇರುತ್ತದೆ. ಬೇಸ್ ಗಿಟಾರ್ ಬರುತ್ತದೆ, ಹೋಗುತ್ತದೆ. ಕೀಬೋರ್ಡ್ ಬೇರೆ ಸಾಲು ಹಿಡಿಯುತ್ತದೆ. ಡ್ರಮ್ ಒಮ್ಮೆ ಬರಿದಾಗಿ ಮತ್ತೆ ತುಂಬಿಕೊಳ್ಳುತ್ತದೆ. ನಮ್ಮ ತಮಟೆಯಲ್ಲೂ ಹಾಗೆಯೇ. ಅರ್ಧ ಗಂಟೆ ಒಂದೇ ಮಟ್ಟು ಬಾರಿಸಿದರೂ ಕುಣಿಯುವವರಿಗೆ ಬೇಸರವಾಗದು, ಯಾಕೆಂದರೆ ಪ್ರತಿ ಸುತ್ತಿಗೂ ಕೈಯ ಒತ್ತು ಒಂದಿಷ್ಟು ಬೇರೆಯಾಗುತ್ತದೆ, ಬೆಂಕಿಗೆ ಕಾಯಿಸಿದ ಚರ್ಮ ನಿಧಾನಕ್ಕೆ ಸಡಿಲಾಗಿ ನಾದವೇ ಇಳಿಯುತ್ತ ಬರುತ್ತದೆ.

ಲೂಪ್ (ಒಂದೇ ತುಣುಕು ಸುತ್ತಿ ಸುತ್ತಿ ಬರುವುದು) ಜೀವಂತವಾಗಿರಬೇಕಾದರೆ ಈ ನಾಲ್ಕರಲ್ಲಿ ಒಂದಾದರೂ ಚಲಿಸುತ್ತಿರಬೇಕು: ಫಿಲ್ಟರ್ (ಲೂಪಿನ ತಾರ ಭಾಗವನ್ನು ಮುಚ್ಚಿ ಮೆಲ್ಲಗೆ ತೆರೆಯುವುದು), ಪದರ (ಎಂಟು ಅಥವಾ ಹದಿನಾರು ಬಾರ್‌ಗೊಮ್ಮೆ ವಾದ್ಯವೊಂದನ್ನು ಸೇರಿಸುವುದು, ತೆಗೆಯುವುದು), ಏರಿಳಿತ (ಕಿಕ್ ಕಿತ್ತು ಮೌನ ಮಾಡಿ ಮತ್ತೆ ಬಿಡುವುದು), ಇಲ್ಲವೇ ಕಂಪ್ರೆಸರ್‌ನ ಉಸಿರಾಟ (ಕಿಕ್ ಬಿದ್ದಾಗಲೆಲ್ಲ ಉಳಿದದ್ದು ತಗ್ಗಿ ಉಬ್ಬುವುದು). ‘ಡಿಸ್ಕವರಿ’ಯ ಹಾಡುಗಳಲ್ಲಿ ಬಹುಮಟ್ಟಿಗೆ ನಾಲ್ಕೂ ಒಟ್ಟಿಗೆ ನಡೆಯುತ್ತವೆ. ‘ಹ್ಯೂಮನ್ ಆಫ್ಟರ್ ಆಲ್’ನಲ್ಲಿ ನಾಲ್ಕನ್ನೂ ಬಹುಪಾಲು ಕೈಬಿಡಲಾಗಿದೆ. ಗಿಟಾರಿಗೆ ಮೊದಲ ಕ್ಷಣದಿಂದಲೇ ಪೂರ್ತಿ ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟಾಗಿಸುವುದು) ಕೊಟ್ಟಿರುವುದರಿಂದ ಅದು ಇನ್ನು ಏರಲಾರದು. ಡಿಸ್ಟಾರ್ಷನ್ನಿನ ಗುಣವೇ ಅದು: ಮೆಲ್ಲಗಿನದನ್ನೂ ಜೋರಿನದನ್ನೂ ಒಂದೇ ಎತ್ತರಕ್ಕೆ ಕತ್ತರಿಸಿಬಿಡುತ್ತದೆ. ಗೋಡೆಯಂತೆ ಕೇಳಿಸುತ್ತದೆ. ಗೋಡೆಯನ್ನು ಎಷ್ಟು ಹೊತ್ತು ನೋಡುವುದು?

ಹಾಡು ಹಾಡಾಗಿ ನೋಡಿದರೆ ದೋಷ ಒಂದೇ ತೂಕದ್ದಲ್ಲ. ಶೀರ್ಷಿಕೆಯ ಹಾಡಿನಲ್ಲಿ ಒಳ್ಳೆಯ ಪಲ್ಲವಿ ಇದೆ, ಚರಣ ಇಲ್ಲ; ಐದು ನಿಮಿಷ ಮೀರಿ ಎಳೆಯಲು ಪಲ್ಲವಿ ಒಂದೇ ಸಾಲದು. ‘ಸ್ಟೀಮ್ ಮಷೀನ್’ ಪಿಸುದನಿಯೊಂದನ್ನು ಹಿಡಿದು ಉಗಿ ಯಂತ್ರದಂತೆ ಏದುಸಿರು ಬಿಡುತ್ತ ಎಲ್ಲಿಗೂ ತಲುಪದೆ ನಿಲ್ಲುತ್ತದೆ. ಆಲ್ಬಂನ ಅತಿ ದುರ್ಬಲ ಕೊಂಡಿ ಇದೇ. ‘ಟೆಲಿವಿಷನ್ ರೂಲ್ಸ್ ದ ನೇಷನ್’ ಹೆಸರಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಉಳಿದ ಹೊತ್ತು ಅದನ್ನೇ ಭಾರವಾದ ಹೆಜ್ಜೆಯಲ್ಲಿ ಮತ್ತೆ ಹೇಳುತ್ತದೆ. ಅದಕ್ಕೂ ಮುಂಚೆ ಬರುವ ‘ಆನ್/ಆಫ್’ 19 ಸೆಕೆಂಡಿನ ಚಾನೆಲ್ ಬದಲಾವಣೆಯ ಸದ್ದು, ಹಾಡೇ ಅಲ್ಲ. ‘ದ ಬ್ರೇನ್‌ವಾಷರ್’ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನ ‘ಐರನ್ ಮ್ಯಾನ್’ ನೆನಪಿಸುವ ಯಂತ್ರದ ಗರ್ಜನೆಯಿಂದ ಶುರುವಾಗಿ ಕಿವಿ ಕೊರೆಯುವ ಟೆಕ್ನೊ ಆಗುತ್ತದೆ. ಒರಟು, ಆದರೆ ಒರಟಾಗಿಯೇ ಇರಬೇಕು ಎಂದು ತಿಳಿದ ಒರಟು.

‘ಪ್ರೈಮ್ ಟೈಮ್ ಆಫ್ ಯುವರ್ ಲೈಫ್’ ಬೇರೆ ಲೆಕ್ಕ. ಇದು ಕೊನೆಯಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ, ಬೀಟ್‌ಗಳು ಒಂದರ ಮೇಲೊಂದು ಬಿದ್ದು ಬರೀ ಕಂಪನವಾಗುವವರೆಗೆ. ವೇಗವನ್ನೇ ಚಲಿಸುವ ಅಂಶವನ್ನಾಗಿ ಮಾಡಿದ ಒಂದೇ ಹಾಡು ಇದು, ಹಾಗಾಗಿಯೇ ಕೆಲಸ ಮಾಡುತ್ತದೆ. ಡಿಜೆಗಳಿಗೆ ಮಾತ್ರ ಇದು ತಲೆನೋವು; ಓಡುವ ವೇಗಕ್ಕೆ ಇನ್ನೊಂದು ರೆಕಾರ್ಡ್ ಹೊಂದಿಸಲಾಗದು.

ಉಳಿದದ್ದು ‘ಟೆಕ್ನಲಾಜಿಕ್’. ಮೇಲಕ್ಕೆಳೆದ ಪಿಚ್‌ನಲ್ಲಿ, ಕೆಟ್ಟ ಮಗುವಿನ ದನಿಯಲ್ಲಿ ಆಜ್ಞಾರ್ಥಕ ಕ್ರಿಯಾಪದಗಳ ಸರಮಾಲೆ. ಕೊಳ್ಳು, ಬಳಸು, ಮುರಿ, ಸರಿಪಡಿಸು ಎಂಬ ಜಾತಿಯವು. ಇಲ್ಲಿ ವಾದ್ಯ ಚಲಿಸದಿದ್ದರೂ ಪದ ಚಲಿಸುತ್ತದೆ, ಮಾತಿನ ಲಯವೇ ತಾಳವಾದ್ಯ. ‘ಅರೌಂಡ್ ದ ವರ್ಲ್ಡ್’ನ ಸೂತ್ರವನ್ನು ತಿರುವಿ ಹಾಕಿದಂತೆ. 2005ರಲ್ಲೇ ಆಪಲ್ ಕಂಪನಿ ಇದನ್ನು ಐಪಾಡ್ ಜಾಹೀರಾತಿಗೆ ಬಳಸಿತು. ಕೊಳ್ಳುಬಾಕತನವನ್ನು ಅಣಕಿಸುವ ಹಾಡು ಸಾಮಾನು ಮಾರಲು ಹೋದದ್ದು ವ್ಯಂಗ್ಯ. ಹಾಡಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಬಂದ ಪ್ರತಿಕ್ರಿಯೆ

ವಿಮರ್ಶೆಗಳನ್ನು ಸರಾಸರಿ ಮಾಡುವ ಮೆಟಾಕ್ರಿಟಿಕ್‌ನಲ್ಲಿ ‘ಹ್ಯೂಮನ್ ಆಫ್ಟರ್ ಆಲ್’ಗೆ ಸಿಕ್ಕಿದ್ದು ನೂರಕ್ಕೆ 57. ‘ಡಿಸ್ಕವರಿ’ಗೆ 74 ಇತ್ತು. ಪಿಚ್‌ಫೋರ್ಕ್ ಎಂಬ ಸಂಗೀತ ಜಾಲತಾಣ ಹತ್ತಕ್ಕೆ 4.9 ಕೊಟ್ಟಿತು. ಬ್ರಿಟನ್ನಿನ ಪಟ್ಟಿಯಲ್ಲಿ 10ನೇ ಸ್ಥಾನ, ಅಮೆರಿಕದ ಬಿಲ್‌ಬೋರ್ಡ್ 200ರಲ್ಲಿ 98. ಅದೇ ಬಿಲ್‌ಬೋರ್ಡಿನ ಎಲೆಕ್ಟ್ರಾನಿಕ್ ಆಲ್ಬಂಗಳ ಪಟ್ಟಿಯಲ್ಲಿ ಮಾತ್ರ ಮೊದಲ ಸ್ಥಾನ. ಅಂದರೆ ತನ್ನವರು ಕೊಂಡರು, ಹೊರಗಿನವರು ಬರಲಿಲ್ಲ.

57 ಎಂಬ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಎಲ್ಲರೂ ಸುಮಾರಾಗಿದೆ ಎಂದರೂ 57 ಬರುತ್ತದೆ. ಅರ್ಧ ಜನ ಹೊಗಳಿ ಅರ್ಧ ಜನ ಉಗಿದರೂ 57 ಬರುತ್ತದೆ. ಇಲ್ಲಿ ನಡೆದದ್ದು ಎರಡನೆಯದಕ್ಕೆ ಹೆಚ್ಚು ಹತ್ತಿರ. ಬೈದವರ ದೂರುಗಳೂ ಎರಡು ಬಗೆಯವು, ಅವನ್ನು ಬೆರೆಸಿ ಓದಿದರೆ ಪ್ರಕರಣ ಅರ್ಥವಾಗದು. ಒಂದು, ಇದು ‘ಡಿಸ್ಕವರಿ’ ಅಲ್ಲ ಎಂಬ ದೂರು. ಇದು ನಿರೀಕ್ಷೆಯ ಸಮಸ್ಯೆ, ಆಲ್ಬಂನ ದೋಷವಲ್ಲ. ಇನ್ನೊಂದು, ಐಡಿಯಾ ಮೊದಲ ನಿಮಿಷಕ್ಕೆ ಮುಗಿಯುತ್ತದೆ, ಹಾಡು ಐದು ನಿಮಿಷ ಇರುತ್ತದೆ ಎಂಬ ದೂರು. ಇದು ಕಸುಬಿನ ದೂರು, ಇದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಸಮರ್ಥಿಸಿಕೊಂಡವರು ಕೊಟ್ಟ ಉತ್ತರ: ಬೇಸರವೇ ಉದ್ದೇಶ, ಟಿವಿ ಮತ್ತು ಯಂತ್ರ ನಮ್ಮನ್ನು ಹೀಗೆಯೇ ಜಡಗೊಳಿಸುತ್ತವೆ ಎಂದು ತೋರಿಸುವುದೇ ಕಲೆ. ಈ ವಾದ ಬುದ್ಧಿಗೆ ಹಿಡಿಸಬಹುದು. ಆದರೆ ಉಪ್ಪಿಲ್ಲದ ಸಾರು ಬಡಿಸಿ, ಉಪ್ಪಿನ ಬೆಲೆ ತಿಳಿಯಲಿ ಎಂದು ಹಾಗೆ ಮಾಡಿದೆ ಎಂದರೆ ಉಣ್ಣುವವರು ಎಷ್ಟು ದಿನ ಒಪ್ಪುತ್ತಾರೆ?

ದೃಶ್ಯಗಳ ಕಡೆ ಜೋಡಿ ಹೆಚ್ಚು ಶ್ರಮಪಟ್ಟಿತು. ‘ರೋಬಾಟ್ ರಾಕ್’ ವೀಡಿಯೊವನ್ನು ಹಳೆಯ ವಿಎಚ್‌ಎಸ್ ವೀಡಿಯೊ ಟೇಪಿನ ಮಸುಕಿನಲ್ಲಿ ತಾವೇ ನಿರ್ದೇಶಿಸಿದರು. ‘ಟೆಕ್ನಲಾಜಿಕ್’ನಲ್ಲಿ ಹಲ್ಲು ಕಿರಿಯುವ ಮಗು ರೋಬಾಟ್ ಬಂತು. ಶೀರ್ಷಿಕೆ ಹಾಡಿಗೆಂದು ಆರಂಭವಾದ ಚಿತ್ರೀಕರಣ ಬೆಳೆದು ‘ಎಲೆಕ್ಟ್ರೋಮಾ’ ಎಂಬ ಮಾತಿಲ್ಲದ ಚಲನಚಿತ್ರವಾಯಿತು. ಮನುಷ್ಯರಾಗಲು ಹೊರಟ ಎರಡು ರೋಬಾಟ್‌ಗಳ ಕಥೆ, ಛಾಯಾಗ್ರಹಣ ಸ್ವತಃ ಬಾಂಗಾಲ್ಟೇರ್ ಅವರದು. 2006ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಸಂದರ್ಭದಲ್ಲಿ ಮೊದಲ ಪ್ರದರ್ಶನ ಕಂಡ ಆ ಚಿತ್ರದಲ್ಲಿ ಡಾಫ್ಟ್ ಪಂಕ್‌ನ ಒಂದು ಹಾಡೂ ಇಲ್ಲ. ಆಲ್ಬಂ ಹೇಳಲು ಹೊರಟಿದ್ದ ವಿಷಾದವನ್ನು ಆ ಚಿತ್ರ ಹೆಚ್ಚು ಸರಿಯಾಗಿ ಹೇಳುತ್ತದೆ.

ಬೇರೆಯವರು ಮಾಡಿದ ದುರಸ್ತಿ

ಹಾಡುಗಳಲ್ಲಿ ಜಾಗ ಖಾಲಿ ಇದೆ ಎಂಬುದನ್ನು ಮೊದಲು ಕಂಡುಕೊಂಡವರು ರೀಮಿಕ್ಸ್ ಮಾಡುವವರು. 2006ರಲ್ಲಿ ಜಪಾನ್‌ನಲ್ಲಿ ‘ಹ್ಯೂಮನ್ ಆಫ್ಟರ್ ಆಲ್: ರೀಮಿಕ್ಸಸ್’ ಬಂತು. ಸೋಲ್‌ವ್ಯಾಕ್ಸ್, ಸೆಬಾಸ್ಟಿಯನ್, ಜಸ್ಟಿಸ್, ಡಿಜಿಟಲಿಸಂ, ಎರೊಲ್ ಆಲ್ಕನ್ ಮುಂತಾದವರ ಕೈಚಳಕ. ಅದಕ್ಕೂ ಮೊದಲು ಅಮೆರಿಕದ ರ‍್ಯಾಪರ್ ಬಸ್ಟಾ ರೈಮ್ಸ್ ‘ಟಚ್ ಇಟ್’ಗೆ ‘ಟೆಕ್ನಲಾಜಿಕ್’ನ ದನಿಯನ್ನೇ ಎತ್ತಿಕೊಂಡರು, ನಿರ್ಮಾಪಕ ಸ್ವಿಜ್ ಬೀಟ್ಸ್. ಮೂಲದಲ್ಲಿ ಇಡೀ ಹಾಡಾಗಿದ್ದದ್ದು ಇಲ್ಲಿ ಒಂದು ಅಂಗ ಮಾತ್ರ. ಮೇಲೆ ರ‍್ಯಾಪ್‌ನ ಏರಿಳಿತ ಕೂತಿತು. ಹಾಡು ದೊಡ್ಡ ಹಿಟ್ ಆಯಿತು.

ಸ್ವತಃ ಮಾಡಿದ ದುರಸ್ತಿ

2006ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಎಲ್‌ಇಡಿಗಳಿಂದ ಹೊಳೆಯುವ ಪಿರಮಿಡ್ಡಿನೊಳಗೆ ನಿಂತು ಜೋಡಿ ನುಡಿಸಿತು. ಮುಂದಿನ ವರ್ಷ ಅದೇ ಪಿರಮಿಡ್ ಊರೂರು ಸುತ್ತಿತು. 2007ರ ಜೂನ್ 14ರ ಬೆರ್ಸಿ ಕಾರ್ಯಕ್ರಮದ ಧ್ವನಿಮುದ್ರಣ ಅದೇ ನವೆಂಬರ್‌ನಲ್ಲಿ ‘ಅಲೈವ್ 2007’ ಎಂದು ಹೊರಬಂತು. ಜನ ಪಿರಮಿಡ್ಡನ್ನೇ ನೆನಪಿಟ್ಟುಕೊಂಡಿದ್ದಾರೆ. ಸಂಗೀತದ ದೃಷ್ಟಿಯಿಂದ ಮುಖ್ಯವಾದದ್ದು ಪಿರಮಿಡ್ಡಿನೊಳಗಿನ ಮೇಜು: ಏಬಲ್‌ಟನ್ ಲೈವ್ ತಂತ್ರಾಂಶ ಓಡಿಸುವ ಕಂಪ್ಯೂಟರ್‌ಗಳು, ಅವನ್ನು ದೂರದಿಂದ ನಿಯಂತ್ರಿಸಲು ಬೆಹ್ರಿಂಗರ್ ಬಿಸಿಆರ್2000 ಎಂಬ ಗುಬುಟುಗಳ ಪೆಟ್ಟಿಗೆ ಮತ್ತು ಜ್ಯಾಜ್‌ಮ್ಯೂಟೆಂಟ್ ಲೀಮರ್ ಎಂಬ ಟಚ್‌ಸ್ಕ್ರೀನ್, ಜೊತೆಗೆ ಮಿನಿಮೂಗ್ ವಾಯೇಜರ್ ಸಿಂಥಸೈಜರ್‌ಗಳು. ಅಂದರೆ ಹಾಡನ್ನು ರೆಕಾರ್ಡಿನಂತೆ ಬಿಡುವುದಲ್ಲ. ಹಾಡಿನ ಅಂಗಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು ಆ ಹೊತ್ತಿಗೆ ಬೇಕಾದಂತೆ ಕೂಡಿಸುವುದು.

ಹಾಡುಗಳ ಪಟ್ಟಿ ನೋಡಿದರೆ ವಿಧಾನ ಕಾಣುತ್ತದೆ. ‘ರೋಬಾಟ್ ರಾಕ್’ ಜೊತೆ ‘ಹೋಂವರ್ಕ್’ನ ‘ಓ ಯಾ’. ‘ಟೆಲಿವಿಷನ್ ರೂಲ್ಸ್ ದ ನೇಷನ್’ ಜೊತೆ ‘ಡಿಸ್ಕವರಿ’ಯ ‘ಕ್ರೆಸೆಂಡಾಲ್ಸ್’. ‘ಸ್ಟೀಮ್ ಮಷೀನ್’ ಜೊತೆ ರೊಮಾಂತನಿ ಹಾಡಿದ ‘ಟೂ ಲಾಂಗ್’. ‘ಟೆಕ್ನಲಾಜಿಕ್’ ಜೊತೆ, ತನ್ನಿಂದಲೇ ಹುಟ್ಟಿದ ಬಸ್ಟಾ ರೈಮ್ಸ್‌ರ ‘ಟಚ್ ಇಟ್’: ಸಾಲ ಕೊಟ್ಟದ್ದನ್ನು ಬಡ್ಡಿ ಸಮೇತ ವಸೂಲಿ ಮಾಡಿದಂತೆ. ‘ಪ್ರೈಮ್ ಟೈಮ್’, ‘ಬ್ರೇನ್‌ವಾಷರ್’, ಜೊತೆಗೆ ‘ಹೋಂವರ್ಕ್’ನ ‘ರೋಲಿನ್ ಅಂಡ್ ಸ್ಕ್ರ್ಯಾಚಿನ್’ ಮತ್ತು ‘ಅಲೈವ್’, ಈ ನಾಲ್ಕನ್ನು ಹೆಣೆದು ಹತ್ತು ನಿಮಿಷದ ಒಂದೇ ಓಟ. ಕೊನೆಯಲ್ಲಿ ‘ಸೂಪರ್‌ಹೀರೋಸ್’ ಮೇಲೆ ‘ಹ್ಯೂಮನ್ ಆಫ್ಟರ್ ಆಲ್’.

ಹೀಗೆ ಎರಡು ಹಾಡು ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ಮೊದಲು ವೇಗ ಒಂದಾಗಬೇಕು. ಏಬಲ್‌ಟನ್ ಪಿಚ್ ಬದಲಿಸದೆ ವೇಗ ಹಿಗ್ಗಿಸಿ ಕುಗ್ಗಿಸುತ್ತದೆ, ಆದರೆ ಮಿತಿ ಮೀರಿದರೆ ಸ್ನೇರಿನ ಏಟು ಹರಿದ ಬಟ್ಟೆಯಂತೆ ಪಿಸಿಯುತ್ತದೆ. ನಂತರ ಶ್ರುತಿ, ಒಂದೆರಡು ಅರ್ಧಸ್ವರದಷ್ಟು ಸರಿಸಬಹುದು, ಅದಕ್ಕಿಂತ ಹೆಚ್ಚಾದರೆ ದನಿ ಗೊಂಬೆಯದಾಗುತ್ತದೆ. ಆಮೇಲೆ ಮಂದ್ರದ ಜಗಳ. ಎರಡು ಕಿಕ್, ಎರಡು ಬೇಸ್ ಒಟ್ಟಿಗೆ ಬಿಟ್ಟರೆ ಬರುವುದು ಬಲವಲ್ಲ, ಕೆಸರು. ಒಂದರ ಕಿಕ್ ಮತ್ತು ಬೇಸ್ ಇಟ್ಟುಕೊಂಡು ಇನ್ನೊಂದರ ಮಂದ್ರವನ್ನು ಫಿಲ್ಟರ್ ಹಾಕಿ ಕತ್ತರಿಸಲೇಬೇಕು. ಎರಡು ಸ್ನೇರ್‌ಗಳ ನಡುವೆ ಹತ್ತಿಪ್ಪತ್ತು ಮಿಲಿಸೆಕೆಂಡ್ ವ್ಯತ್ಯಾಸ ಉಳಿದರೂ ಒಂದೇ ಏಟು ಎರಡಾಗಿ ತೊದಲುತ್ತದೆ. ಕೊನೆಯದು ನುಡಿಗಟ್ಟಿನ ಹೊಂದಾಣಿಕೆ: ಎರಡೂ ಹಾಡಿನ 16 ಅಥವಾ 32 ಬಾರ್‌ಗಳ ಘಟ್ಟ ಒಂದೇ ಕಡೆ ತಿರುಗಬೇಕು, ಇಲ್ಲವಾದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ.

ಈಗ ‘ಹ್ಯೂಮನ್ ಆಫ್ಟರ್ ಆಲ್’ ಹಾಡುಗಳನ್ನು ಈ ಷರತ್ತುಗಳ ಮುಂದೆ ಹಿಡಿದರೆ ಗುಟ್ಟು ಬಿಡುತ್ತದೆ. ಪದರಗಳು ಕಡಿಮೆ, ಹಾಗಾಗಿ ಮಂದ್ರದ ಜಗಳ ಕಡಿಮೆ. ಸ್ವರಗಳ ಓಡಾಟ ಕಡಿಮೆ, ಹಾಗಾಗಿ ಬೇರೆ ಹಾಡಿನ ಶ್ರುತಿಗೆ ಒಗ್ಗುವುದು ಸಲೀಸು. ಡ್ರಮ್ ಮಷೀನಿನ ಏಟು ಕೂದಲೆಳೆಯಷ್ಟೂ ಅಲುಗದು, ಹಾಗಾಗಿ ಕೂಡಿಕೆ ಗಟ್ಟಿ. ಘಟ್ಟಗಳೇ ಇಲ್ಲದ್ದರಿಂದ ಎಲ್ಲಿ ಬೇಕಾದರೂ ಸೇರಿಸಬಹುದು. ಮನೆಯಲ್ಲಿ ಕೂತು ಕೇಳುವವನಿಗೆ ಯಾವುದು ಕೊರತೆಯಾಗಿತ್ತೋ ವೇದಿಕೆಯ ಮೇಲೆ ಅದೇ ಅನುಕೂಲ. ‘ಕ್ರೆಸೆಂಡಾಲ್ಸ್’ನ ಕುಣಿದಾಟದ ಕೆಳಗೆ ‘ಟೆಲಿವಿಷನ್’ನ ಭಾರದ ರಿಫ್ ಸಿಕ್ಕಿಸಿದಾಗ, ಒಂದಕ್ಕೆ ಇಲ್ಲದ ತೂಕ ಇನ್ನೊಂದರಿಂದ ಬಂತು, ಇನ್ನೊಂದಕ್ಕೆ ಇಲ್ಲದ ಲವಲವಿಕೆ ಮೊದಲನೆಯದರಿಂದ. ‘ಸ್ಟೀಮ್ ಮಷೀನ್’ ಕೂಡ ಮನುಷ್ಯನ ಗಂಟಲು ಪಕ್ಕದಲ್ಲಿ ನಿಂತೊಡನೆ ಜೀವ ಹಿಡಿಯಿತು.

2009ರ ಗ್ರ್ಯಾಮಿಯಲ್ಲಿ ‘ಅಲೈವ್ 2007’ಗೆ ಅತ್ಯುತ್ತಮ ಎಲೆಕ್ಟ್ರಾನಿಕ್/ಡ್ಯಾನ್ಸ್ ಆಲ್ಬಂ ಪ್ರಶಸ್ತಿ ಬಂತು.

ವಿಮರ್ಶಕರು ತಪ್ಪಿದ್ದರೆ?

ಇದಾದ ಮೇಲೆ ಹುಟ್ಟಿದ ದಂತಕಥೆ ಹೀಗಿದೆ: 2005ರಲ್ಲಿ ವಿಮರ್ಶಕರಿಗೆ ಅರ್ಥವಾಗಲಿಲ್ಲ, ಆಲ್ಬಂ ಕಾಲಕ್ಕಿಂತ ಮುಂದಿತ್ತು. ಅರ್ಧ ಸತ್ಯ. ಡಿಸ್ಟಾರ್ಷನ್ ತುಂಬಿದ, ರಾಕ್ ಸಂಗೀತದ ಮೈಕಟ್ಟಿನ ಎಲೆಕ್ಟ್ರಾನಿಕ್ ನಾದ ಮುಂದಿನ ಎರಡು ಮೂರು ವರ್ಷಗಳಲ್ಲಿ ಪ್ಯಾರಿಸ್‌ನ ಗುರುತೇ ಆಯಿತು ಎಂಬುದು ನಿಜ. ಡಾಫ್ಟ್ ಪಂಕ್‌ನ ಮ್ಯಾನೇಜರ್ ಆಗಿದ್ದ ಪೆಡ್ರೊ ವಿಂಟರ್ ಸ್ಥಾಪಿಸಿದ ಎಡ್ ಬ್ಯಾಂಗರ್ ಕಂಪನಿಯಿಂದ ಜಸ್ಟಿಸ್ ಜೋಡಿ 2007ರಲ್ಲಿ ಹೊರತಂದ ಮೊದಲ ಆಲ್ಬಂ ಅದೇ ನಾದದಲ್ಲಿ ಗೆದ್ದಿತು. ಆದರೆ ಅಲ್ಲಿ ಚೂರುಗಳು ಬಾರ್‌ಗೊಮ್ಮೆ ತಿರುಗುತ್ತವೆ, ಒಡೆಯುತ್ತವೆ, ಮೌನವಾಗುತ್ತವೆ. ನಾದ ಒಂದೇ, ಕಸುಬು ಬೇರೆ. ಮುಂದೆ ಎನ್ನಬಹುದಾದದ್ದು ನಾದ ಮಾತ್ರ.

ವೇದಿಕೆಯ ಗೆಲುವು ಆಲ್ಬಂನ ತೀರ್ಪನ್ನು ಅಳಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಪ್ರತಿ ಹಾಡಿಗೂ ಇನ್ನೊಂದು ಹಾಡು ಬೇಕಾಯಿತು ಎಂದರೆ ಮೊದಲನೆಯದರಲ್ಲಿ ಅರ್ಧ ಬಾಕಿ ಇತ್ತು ಎಂದೇ ಅರ್ಥ. 2005ರಲ್ಲಿ ಐಡಿಯಾ ಒಂದು ನಿಮಿಷದ್ದು ಎಂದವರಿಗೆ ಜೋಡಿ 2007ರಲ್ಲಿ ಕೊಟ್ಟ ಉತ್ತರ, ಹೌದು, ಅದನ್ನು ಒಂದು ನಿಮಿಷವೇ ನುಡಿಸುತ್ತೇವೆ ಎಂಬುದು. ‘ಡಿಸ್ಕವರಿ’ ಅಲ್ಲ ಎಂದು ಗೊಣಗಿದವರು ಮಾತ್ರ ನಿಜಕ್ಕೂ ತಪ್ಪಿದ್ದರು.

ಜಸ್ಟಿಸ್ ಜೋಡಿಗೂ ಇದೇ ಗ್ರಹಚಾರ ಕಾಡಿತು. ಎರಡನೇ ಆಲ್ಬಂ ‘ಆಡಿಯೊ, ವೀಡಿಯೊ, ಡಿಸ್ಕೊ’ (2011) ಎಪ್ಪತ್ತರ ದಶಕದ ಗಿಟಾರ್ ರಾಕ್ ಕಡೆ ಹೊರಳಿ ಮಿಶ್ರ ಪ್ರತಿಕ್ರಿಯೆ ಪಡೆಯಿತು. ಮೂರನೆಯ ಆಲ್ಬಂ ‘ವುಮನ್’ (2016) ಬಂದ ಮೇಲೆ, ವೇದಿಕೆಗೆಂದು ಹಳೆಯ ಹೊಸ ಹಾಡುಗಳನ್ನು ಬೆರೆಸಿ ಕಟ್ಟಿದ ರೂಪಗಳನ್ನು ‘ವುಮನ್ ವರ್ಲ್ಡ್‌ವೈಡ್’ (2018) ಎಂದು ಹೊರತಂದರು. 2019ರಲ್ಲಿ ಅದೇ ಗ್ರ್ಯಾಮಿ ಇವರಿಗೂ ಬಂತು.

ಮಾಡಿ ನೋಡಬೇಕಾದ ಪರೀಕ್ಷೆ ಒಂದಿದೆ. ಮೊದಲು ‘ಸ್ಟೀಮ್ ಮಷೀನ್’ನ ಆಲ್ಬಂ ರೂಪವನ್ನು ಐದು ನಿಮಿಷವೂ ಕೇಳಿ, ಮಧ್ಯೆ ಮುಂದೆ ಓಡಿಸಬಾರದು. ಕೂಡಲೇ ‘ಅಲೈವ್ 2007’ರ ನಾಲ್ಕನೆಯ ಟ್ರ್ಯಾಕ್ ಹಾಕಿ. ಕಿವಿ ಎಲ್ಲಿ ಎಚ್ಚರಗೊಳ್ಳುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಸ್ವತಃ ಬೀಟ್ ಮಾಡುವವರಿಗೆ ಇದು ಹತ್ತು ಪಾಠಕ್ಕಿಂತ ಹೆಚ್ಚು ಕಲಿಸುತ್ತದೆ.

ಆಲ್ಬಂನ ಹತ್ತು ತುಣುಕುಗಳಲ್ಲಿ ಏಳು ಹೀಗೆ ಪಿರಮಿಡ್ ಹತ್ತಿದವು. ಕೆಳಗೇ ಉಳಿದದ್ದು ಮೂರು. ‘ಆನ್/ಆಫ್’ ಬಿಡಿ, ಅದು ಬರೀ ಸದ್ದು. ಉಳಿದೆರಡು ‘ಮೇಕ್ ಲವ್’ ಮತ್ತು ಸುಮಾರು ಏಳು ನಿಮಿಷದ ಕೊನೆಯ ಹಾಡು ‘ಎಮೋಷನ್’. ಇವೆರಡೂ ಮೆಲ್ಲಗಿನವು, ಗಿಟಾರಿನ ಗೋಡೆ ಕಟ್ಟದವು. ‘ಮೇಕ್ ಲವ್’ನಲ್ಲಿ ದನಿ ಎಷ್ಟು ಹಿಂದೆ ಕೂತಿದೆಯೆಂದರೆ ಪದ ಕಿವಿಗೆ ಸಿಗುವುದೇ ಕಷ್ಟ, ಲೂಪ್ ತಿರುಗುತ್ತದೆ, ಎಲ್ಲೂ ಹೋಗುವುದಿಲ್ಲ, ಹೋಗಬೇಕು ಎಂದು ಕೇಳುಗನಿಗೂ ಅನಿಸುವುದಿಲ್ಲ. ಈ ಆಲ್ಬಂನಲ್ಲಿ ಇನ್ನೊಂದು ಹಾಡಿನ ನೆರವಿಲ್ಲದೆ ಪೂರ್ತಿಯಾಗಿ ನಿಲ್ಲುವುದು ಅದೊಂದೇ.